ಕುರುಗೋಡಿನ ನೀರು, ಸಿಂಗಪುರದ ಮೀನು

ಸಿಂಗಪುರಕ್ಕೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಟೇಪ್ ರೆಕಾರ್ಡರ್ ತಂದಿರಾ ಎಂದು. ಆಮೇಲೆ ಅಲ್ಲಿಯ ಸೀರೆಗಳ ವಿಚಾರ. ನಾನು ಎರಡನ್ನೂ ತರಲಿಲ್ಲ. ಹೋಗುವಾಗ ಒಂದು ಬಾಟಲಿ ಸವಳು ನೀರು ಒಯ್ದೆ, ಬರುವಾಗ ಆರು ಮೀನು ತಂದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಮೊಟ್ಟೆ ಒಡೆದ ವಾಸನೆಗೂ ಮೂಗು ಮುಚ್ಚುವವಳು ಪರದೇಶದಿಂದ ಮೀನು ತಂದಳು ಎಂದು ನಮ್ಮ ಬೀಗರ ಮನೆಗಳಲ್ಲಿ ಇವತ್ತಿಗೂ ಆಡಿಕೊಂಡು ನಗುತ್ತಾರೆ. ನಗಲಿ ಬಿಡಿ. ಯಾಕೆ ತಂದೆ, ಹೇಗೆ ತಂದೆ ಎಂಬುದನ್ನು ನನ್ನ ಬಾಯಿಂದಲೇ ಕೇಳಿದರೆ ಒಳ್ಳೆಯದು.

ಕುರುಗೋಡು

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆಯವರು ಕುರುಗೋಡಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಮಾತಿನ ಮಲ್ಲ. ಸಂಜೆಯಾದರೆ ದೊಡ್ಡ ಬಸವಣ್ಣನ ಗುಡಿ ಕಟ್ಟೆಯ ಮೇಲೆ ಇವರ ದನಿ, ಮನೆಯ ಒಲೆಯ ಮುಂದೆ ಕೂತ ನನಗೆ ಕೇಳುತ್ತಿತ್ತು. ಅಂಥವರಿಗೆ ಒಂದು ದಿನ ಎದೆ ನೋವು ಬಂತು. ಬಳ್ಳಾರಿಯ ಡಾಕ್ಟರು ಸೈಕಲ್ ತುಳಿಯಬೇಡಿ, ಗುಡ್ಡ ಹತ್ತಬೇಡಿ, ಜೋರಾಗಿ ಮಾತಾಡಬೇಡಿ ಎಂದರು. ಇವರೋ, ಮಾತಾಡುವುದನ್ನೇ ಬಿಟ್ಟರು.

ಹೊತ್ತು ಹೋಗಲಿ ಎಂದು ಯಾರೋ ಹೇಳಿದ್ದಕ್ಕೆ ಬಳ್ಳಾರಿಯಿಂದ ಒಂದು ಗಾಜಿನ ತೊಟ್ಟಿ, ಗಾಳಿ ಬಿಡುವ ಸಣ್ಣ ಪಂಪು, ಒಂದಿಷ್ಟು ಮೀನು ತಂದರು. ಬೆರಳಿನುದ್ದವೂ ಇಲ್ಲದ ಮೀಸೆಮೀನುಗಳು. ಹೊಟ್ಟೆ ಚಪ್ಪಟೆ, ಮೈಗೆಲ್ಲ ಹೆಂಚು ಹೊದಿಸಿದಂಥ ಪೊರೆ, ಮೀಸೆಯಿಂದ ಮರಳು ಕೆದಕುತ್ತ ನೆಲದಲ್ಲೇ ಓಡಾಡುತ್ತಿದ್ದವು. ನಡುನಡುವೆ ಒಂದೊಂದೇ ಸರ್ರನೆ ಮೇಲಕ್ಕೆ ಹೋಗಿ ಗಾಳಿ ಗುಟುಕರಿಸಿ ಬರುತ್ತಿತ್ತು. ಒಂದು ಸಲ ಗಾಜು ಒರೆಸುವಾಗ ಅವುಗಳಲ್ಲೊಂದು ಕಣ್ಣನ್ನು ಕೆಳಗೆ ಮೇಲೆ ಹೊರಳಿಸಿತು.

‘ಏನ್ರಿ, ನಿಮ್ಮ ಮೀನು ನನಗ ಕಣ್ಣು ಹೊಡೀತು!’ ಎಂದೆ.

‘ಅದರ ಸ್ವಭಾವ ಹಂಗ’ ಎಂದು ಇವರು ಎಷ್ಟೋ ದಿನದ ಮೇಲೆ ನಕ್ಕರು. ಆ ನಗುವಿಗಾಗಿ ನಾನು ಮೀನಿನ ವಾಸನೆಯನ್ನೂ ಸಹಿಸಿಕೊಂಡೆ.

ಆದರೆ ಆ ಬೇಸಿಗೆ ಕೆಟ್ಟದಾಗಿತ್ತು. ನಡುಮಧ್ಯಾಹ್ನ ಕರೆಂಟು ಹೋಯಿತು, ಪಂಪು ನಿಂತಿತು, ನೀರು ಬಿಸಿಯೇರಿತು. ಸಂಜೆಗೆ ಒಂದೇ ಒಂದು ಮೀನು ಉಳಿಯಿತು. ಇವು ಗುಂಪಿನಲ್ಲಿ ಬದುಕುವ ಜೀವಗಳಂತೆ. ಒಂಟಿಯಾದದ್ದು ಕಲ್ಲಿನ ಹಿಂದೆ ಮೂಲೆ ಹಿಡಿಯಿತು, ಮರಳು ಕೆದಕುವುದನ್ನು ಬಿಟ್ಟಿತು. ಇವರು ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಅದರಂತೆಯೇ ಕೂತರು. ಊಟಕ್ಕೆ ಕರೆದರೆ ‘ಹೂಂ’, ಮಜ್ಜಿಗೆ ಕೊಟ್ಟರೆ ‘ಹೂಂ’. ಆ ಮೀನೂ ಹೋದರೆ ಇವರು ಏನಾಗುತ್ತಾರೋ ಎಂಬ ಭಯ ನನ್ನನ್ನು ಹಿಡಿಯಿತು. ಯಾರ ಮುಂದೆ ಹೇಳಲಿ? ಒಂದು ಮೀನಿನ ಮೇಲೆ ಗಂಡನ ಜೀವ ನಿಂತಿದೆ ಎಂದರೆ ನಗುವುದಿಲ್ಲವೇ ಜನ? ಅಂಥದೇ ಮೀನಿಗಾಗಿ ಬಳ್ಳಾರಿಯಲ್ಲಿ ಹುಡುಕಿಸಿದೆ, ಬೆಂಗಳೂರಿನಲ್ಲಿ ಹುಡುಕಿಸಿದೆ. ಎಲ್ಲೂ ಸಿಗಲಿಲ್ಲ.

ಅಷ್ಟರಲ್ಲಿ ಸಿಂಗಪುರದಿಂದ ಮಗಳು ಉಮಾಳ ಸುದ್ದಿ ಬಂತು. ಚೊಚ್ಚಲ ಬಸುರಿ, ಅಲ್ಲಿಯ ಡಾಕ್ಟರು ಪ್ರಯಾಣ ಬೇಡ ಎಂದಿದ್ದರು. ಮಗಳು ತವರಿಗೆ ಬರುವುದು ಬಿಟ್ಟು ತವರೇ ಮಗಳ ಮನೆಗೆ ಹೊರಡಬೇಕಾಯಿತು. ಇವರಿಗೆ ವಿಮಾನ ಹತ್ತುವ ಹಾಗಿಲ್ಲ. ಇವರ ತಂಗಿ ಬಂದು ಅಡುಗೆಗೆ ನಿಂತಳು, ನಾನು ಹೊರಟೆ.

ಹೊರಡುವ ಮುಂಚೆ ಇವರು ನನ್ನನ್ನು ತೊಟ್ಟಿಯ ಮುಂದೆ ಕೂರಿಸಿ ಪಾಠ ಮಾಡಿದರು. ‘ಗಿರಿಜಾ, ಚಂದಂಗ ನೋಡ್ಕೋ. ಈ ಮೀನಿನ ಜಾತಿ ಒಂದ. ಆದ್ರ ಎರಡು ಸೀಮಿಯಾಗ ಸಿಗ್ತಾವ. ಟ್ರಿನಿಡಾಡ್ ಅಂಬೋ ನಡುಗಡ್ಡಿದು ಹೆಗಲಿನ ಮ್ಯಾಲೆ ಹಸರು ಮಿಂಚು. ಅದರ ಎದುರಿನ ವೆನಿಜುವೆಲಾದ್ದು ಕಿತ್ತಳಿ ಬಣ್ಣ. ನಮ್ಮದು ಹಸರು. ಅದನ್ನ ತರಬೇಕು. ಕಲಬೆರಕಿ ಮಾಡಬ್ಯಾಡ.’

‘ಒಂದ ಜಾತಿ ಅಂದ ಮ್ಯಾಲೆ ಯಾವ ಊರಿಂದಾದ್ರ ಏನ್ರಿ?’

‘ಹಂಗಲ್ಲ. ನಮ್ಮ ಮನ್ಯಾಗ ಇರೋದು ಯಾವುದೋ, ಅದಕ್ಕ ಅದರ ಊರಿನವು ಬೇಕು.’

ಸಿರುಗುಪ್ಪದಲ್ಲಿ ಹುಟ್ಟಿ ಕುರುಗೋಡಿಗೆ ಬಂದ ನನ್ನ ಮುಂದೆ ಹೇಳುವ ಮಾತೇ ಇದು? ನಮ್ಮ ತವರು ಹೊಳೆಯ ನೀರು, ಗದ್ದೆ, ಮೂರು ಹೊತ್ತೂ ಅನ್ನ. ಇಲ್ಲಿ ಕಲ್ಲುಗುಡ್ಡ, ಎರೆಹೊಲ, ಜೋಳದ ರೊಟ್ಟಿ, ಸವಳು ಬಾವಿ. ಜಾತಿ ಒಂದೇ, ಸೀಮೆ ಎರಡು. ನನ್ನ ಅತ್ತೆಯವರಿಗೂ ಇದೇ ಚಿಂತೆಯಿತ್ತು. ಹೆಣ್ಣು ನೋಡಲು ಬಂದಾಗ ಅವರು ಹೂವು ಹಣ್ಣಿನ ಜೊತೆ ತಮ್ಮ ಬಾವಿಯ ನೀರನ್ನೂ ಒಂದು ತಂಬಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಸಿರುಗುಪ್ಪದವರೆಗೆ ಹೊತ್ತು ತಂದಿದ್ದರು. ಅವರ ಮನೆತನದ ಪದ್ಧತಿ ಅದು. ಹುಡುಗಿಗೆ ಆ ನೀರು ಕುಡಿಸುವುದು, ಮುಖ ನೋಡುವುದು. ಕಿವುಚಿದರೆ ಸಂಬಂಧ ಇಲ್ಲ.

ನಾನು ತಂಬಿಗೆ ಎತ್ತಿ ಗಟಗಟ ಕುಡಿದೆ. ಹುಬ್ಬು ಕೂಡ ಅಲುಗಲಿಲ್ಲ. ‘ಈಕಿನ ನಮ್ಮ ಸೊಸಿ!’ ಎಂದು ಅತ್ತೆ ಅಲ್ಲೇ ಕುಂಕುಮ ಹಚ್ಚಿದರು. ಜನ ಹೇಳುವಷ್ಟು ಸವಳಾಗಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಗಿತ್ತು. ಹೆದರಿಕೆಯಲ್ಲಿ ನಾಲಿಗೆ ಸತ್ತಿರಬೇಕು ಅಂದುಕೊಂಡೆ. ಮದುವೆಯಾಗಿ ಬಂದ ದಿನ ಅದೇ ಬಾವಿಯ ನೀರು ಗಂಟಲಲ್ಲಿ ಇಳಿಯಲೊಲ್ಲದು. ಆದರೆ ಅಷ್ಟು ಜನರ ಮುಂದೆ ಗೆದ್ದು ಬಂದವಳು ಈಗ ಮುಖ ಕಿವುಚಲು ಆಗುತ್ತದೆಯೇ? ಮೂವತ್ತು ವರ್ಷದ ಹತ್ತಿರ ಆಯಿತು, ಒಂದು ದಿನವೂ ಕಿವುಚಿಲ್ಲ. ಈ ಮನೆಯಲ್ಲಿ ನನಗೆ ಏನಾದರೂ ಜಂಬ ಇದ್ದರೆ ಅದು ಇದೊಂದೇ.

ಮೀನಿನ ತೊಟ್ಟಿಗೂ ಅದೇ ಬಾವಿಯ ನೀರೇ. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಬಾವಿಗೆ ಹೋಗಿ ಹಾರ್ಲಿಕ್ಸ್ ಬಾಟಲಿಯ ತುಂಬ ನೀರು ಸೇದಿಕೊಂಡೆ. ಮುಚ್ಚಳದ ಸುತ್ತ ಮೇಣ ಹಚ್ಚಿ ಬಟ್ಟೆ ಸುತ್ತಿದೆ. ಇವರಿಗೆ ಹೇಳಲಿಲ್ಲ.

ಆಕಾಶದಲ್ಲಿ

ಮದ್ರಾಸಿನಿಂದ ವಿಮಾನ. ಹತ್ತಿದ ಮೇಲೆ ಎಲ್ಲರೂ ಮೌನವಾಗಿ ಕೂತುಬಿಟ್ಟರು. ನಮ್ಮ ಬಳ್ಳಾರಿ ಬಸ್ಸಿನಲ್ಲಾದರೆ ಮೋಕಾ ದಾಟುವುದರೊಳಗೆ ಪಕ್ಕದವರ ಮಕ್ಕಳೆಷ್ಟು, ಅಳಿಯನ ಕೆಲಸ ಏನು ಎಲ್ಲ ತಿಳಿದಿರುತ್ತದೆ. ಇಲ್ಲಿ ಕೆಮ್ಮಲೂ ಸಂಕೋಚ. ವಿಮಾನದವರು ಕೊಟ್ಟ ತಟ್ಟೆಯಲ್ಲಿ ಯಾವುದು ಏನೆಂದು ತಿಳಿಯದೆ ಬುತ್ತಿ ಬಿಚ್ಚಿದೆ. ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಮೊದಲ ರೊಟ್ಟಿ ಮುರಿದೆ ನೋಡಿ, ಅದರ ಸದ್ದಿಗೆ ಮುಂದಿನ ಸಾಲಿನವರೆಲ್ಲ ತಿರುಗಿದರು! ನಾಚಿಕೆಯಾಗಿ ಬಾಯಲ್ಲೇ ನೆನೆಸಿ ನುಂಗತೊಡಗಿದೆ. ಪಕ್ಕದಲ್ಲಿ ಕೋಟು ಹಾಕಿದ ಗೃಹಸ್ಥರೊಬ್ಬರು ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೈ ಚಾಚಿದರು. ಒಂದು ಕೊಟ್ಟೆ. ಅವರೂ ಕಟಕಟ ಎನ್ನಿಸಿ ತಿಂದರು. ಆಮೇಲೆ ನನಗೆ ಧೈರ್ಯ ಬಂತು, ಇಬ್ಬರೂ ಸೇರಿ ಬುತ್ತಿ ಖಾಲಿ ಮಾಡಿದೆವು.

ಇಳಿದ ಮೇಲೆ ಸುಂಕದ ಕಟ್ಟೆಯಲ್ಲಿ ನನ್ನ ಚೀಲ ಬಿಚ್ಚಿಸಿದರು. ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡೆ ನೋಡಿದರು, ಮೂಸಿದರು, ಬಿಟ್ಟರು. ಬಟ್ಟೆ ಸುತ್ತಿದ ಬಾಟಲಿ ಕೈಗೆ ಸಿಕ್ಕಿತು. ಅಲ್ಲಿದ್ದ ಹುಡುಗ ವಯಸ್ಸಿನ ಅಧಿಕಾರಿ ಅದನ್ನು ಬೆಳಕಿಗೆ ಹಿಡಿದ. ನಮ್ಮ ನೀರು ಅಷ್ಟೇನೂ ತಿಳಿಯಲ್ಲ.

ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದ. ‘ವಾಟರ್’ ಎಂದೆ. ಅವನು ನಂಬಲಿಲ್ಲ. ಸಿಂಗಪುರಕ್ಕೆ ನೀರು ತರುವವರು ಯಾರು? ದೇವರ ತೀರ್ಥವೇ ಎಂದು ಕೇಳಿದ. ಅಲ್ಲ ಎಂದೆ. ಔಷಧವೇ? ಅಲ್ಲ. ಮೀನಿನ ಪರೀಕ್ಷೆಗೆ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಲು ಹೊರಟು ಇನ್ನಷ್ಟು ಕೆಡಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಕೊನೆಗೆ ನಾನೇ ಬಾಟಲಿ ಇಸಿದುಕೊಂಡು, ಮೇಣ ಕಿತ್ತು, ಅವರೆದುರಿಗೇ ಎರಡು ಗುಟುಕು ಕುಡಿದೆ. ಮುಖ ಕಿವುಚಲಿಲ್ಲ. ಇಬ್ಬರೂ ನನ್ನ ಮುಖವನ್ನೇ ನೋಡಿದರು, ನಕ್ಕರು, ಹೋಗಿ ಎಂದು ಕೈಮಾಡಿದರು. ಅತ್ತೆಯವರು ಇದ್ದಿದ್ದರೆ ಅಲ್ಲೇ ಮತ್ತೊಮ್ಮೆ ಕುಂಕುಮ ಹಚ್ಚುತ್ತಿದ್ದರು.

ಹನ್ನೊಂದನೆಯ ಅಂತಸ್ತು

ಉಮಾಳ ಮನೆ ಹನ್ನೊಂದನೆಯ ಅಂತಸ್ತಿನಲ್ಲಿ. ಅಂಗಳ ಇಲ್ಲ, ಕಟ್ಟೆ ಇಲ್ಲ, ಬಾಗಿಲ ಮುಂದೆ ನೀರು ಹೊಡೆದರೆ ಕೆಳಗಿನವರ ತಲೆಯ ಮೇಲೆ. ಅಲ್ಲಿಯ ಜನ ಬಟ್ಟೆಯನ್ನು ಬಿದಿರಿನ ಗಳಕ್ಕೆ ಪೋಣಿಸಿ ಕಿಟಕಿಯಿಂದ ಹೊರಕ್ಕೆ ಚಾಚುತ್ತಾರೆ. ನಾನೂ ನನ್ನ ಇಳಕಲ್ ಸೀರೆಯನ್ನು ಹಾಗೇ ಚಾಚಿದೆ. ಗಾಳಿ ಬಂತು, ಸೀರೆ ಹೋಯಿತು. ಉಮಾ ತುಂಬು ಬಸುರಿನಲ್ಲಿ ಕಿಟಕಿಗೆ ಬಗ್ಗಿ ‘ಅವ್ವಾ, ನಿನ್ನ ಸೀರಿ ಆರನೇ ಅಂತಸ್ತಿನವರ ಗಳಕ್ಕ ಸಿಕ್ಕೊಂಡೈತಿ!’ ಎಂದು ನಕ್ಕಳು. ಸ್ವಲ್ಪ ಹೊತ್ತಿಗೆ ಆ ಮನೆಯ ಮಲಾಯ್ ಹೆಂಗಸು ಸೀರೆಯನ್ನು ಮಡಿಚಿ ತಂದು ಕೊಟ್ಟಳು. ನಾನು ಅಂಟಿನುಂಡೆ ಕೊಟ್ಟೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೂ ಬಾಗಿಲಲ್ಲಿ ನಿಂತು ಬಹಳ ಹೊತ್ತು ಮಾತಾಡಿದೆವು.

ಎಲೆಯಡಿಕೆಯದೇ ದೊಡ್ಡ ತೊಂದರೆ. ಹಾಕಿಕೊಳ್ಳುವುದೇನೋ ಹಾಕಿಕೊಂಡೆ, ಉಗಿಯುವುದೆಲ್ಲಿ? ಬೀದಿಯಲ್ಲಿ ಉಗುಳಿದರೆ ದಂಡ. ಒಂದು ದಿನ ಬಾಯಿ ತುಂಬ ತುಂಬಿಕೊಂಡು ಮಾರ್ಕೆಟ್ಟಿನಿಂದ ಮನೆಯವರೆಗೆ ಬಂದೆ. ದಾರಿಯಲ್ಲಿ ಯಾರೋ ಪರಿಚಯದವರು ನಮಸ್ಕಾರ ಮಾಡಿ ಮಾತಾಡಿಸಿದರೆ ಬರೀ ತಲೆಯಾಡಿಸಿದೆ. ಉಮಾಳ ತಾಯಿಗೆ ಮಾತು ಬರುವುದಿಲ್ಲ ಎಂದು ಅವರು ಮರುಕಪಟ್ಟರಂತೆ. ಕುರುಗೋಡಿನವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಮೊಮ್ಮಗಳು ಹುಟ್ಟಿದಳು. ಹೆರಿಗೆ ಸುಸೂತ್ರವಾಯಿತು, ಶಿವನ ದಯ. ಎಣ್ಣೆನೀರು, ಬೆಳ್ಳುಳ್ಳಿ, ಬಾಣಂತಿ ಖಾರದಪುಡಿ, ಹೊಗೆ, ಎಲ್ಲವನ್ನೂ ಆ ಗೂಡಿನಂಥ ಮನೆಯಲ್ಲೇ ಮಾಡಿದೆ. ಹೊಗೆ ಹಾಕಿದ ದಿನ ಬೆಂಕಿ ಬಿದ್ದಿತೆಂದು ಅಕ್ಕಪಕ್ಕದವರು ಬಾಗಿಲು ಬಡಿದರು. ಅದೂ ಆಯಿತು.

ಇಷ್ಟರ ನಡುವೆಯೂ ನನಗೆ ಆ ಕಲ್ಲಿನ ಹಿಂದಿನ ಮೀನು, ಅದರ ಮುಂದಿನ ಕುರ್ಚಿ ಕಣ್ಣಿಗೆ ಕಟ್ಟಿದಂತಿದ್ದವು. ಕುರುಗೋಡಿನ ಮನೆಗೆ ಫೋನಿಲ್ಲ. ನಾದಿನಿ ಬರೆಸಿದ ಕಾಗದದಲ್ಲಿ ‘ಅಣ್ಣ ಆರಾಮ ಅದಾನ, ಮೀನೂ ಐತಿ’ ಎಂದಷ್ಟೇ ಇತ್ತು. ಐತಿ ಎಂದರೆ ಹೇಗಿದೆ? ಅದನ್ನು ಬರೆಯಲಿಲ್ಲ.

ಮೀನಿನಂಗಡಿ

ಹೊರಡುವ ದಿನ ಹತ್ತಿರ ಬಂದಾಗ ಅಳಿಯ ಮಲ್ಲಿಕಾರ್ಜುನ ನನ್ನನ್ನು ಮೀನಿನಂಗಡಿಗೆ ಕರೆದುಕೊಂಡು ಹೋದರು. ಹಡಗುಕಟ್ಟೆಯಲ್ಲಿ ಇಂಜಿನಿಯರು, ಆದೋನಿಯ ಕಡೆಯವರು, ಬಾಯಿ ಬಿಟ್ಟರೆ ನಮ್ಮ ಭಾಷೆಯೇ. ‘ಅತ್ತಿ, ಆ ಬಾಟ್ಲಿ ಯಾಕ ಹಿಡ್ಕೊಂಡೀರಿ?’ ಎಂದರು. ‘ಕೆಲಸ ಐತಿ, ನಡೀರಿ’ ಎಂದೆ.

ಅಂಗಡಿ ಎಂದರೆ ನೆಲದಿಂದ ಸೂರಿನವರೆಗೆ ಗಾಜಿನ ತೊಟ್ಟಿಗಳು. ಬನಿಯನ್ನು ಚಡ್ಡಿ ತೊಟ್ಟ ಚೀನಿ ಮುದುಕ ಒಬ್ಬನೇ ಇದ್ದ. ಅಲ್ಲಿ ವಯಸ್ಸಾದ ಗಂಡಸರನ್ನೆಲ್ಲ ‘ಅಂಕಲ್’ ಎನ್ನುತ್ತಾರೆ. ಊಟದ ಹೊತ್ತು, ಬಟ್ಟಲಲ್ಲಿ ಅವನ ಶಾವಿಗೆ ಆರುತ್ತಿತ್ತು, ಆದರೆ ಮೀನುಗಳಿಗೆಲ್ಲ ಹಾಕಿ ಮುಗಿಸುವ ತನಕ ಅವನು ಅದನ್ನು ಮುಟ್ಟಲಿಲ್ಲ. ನಮ್ಮಲ್ಲಿ ಎತ್ತುಗಳಿಗೆ ಮೇವು ಹಾಕದೆ ಉಣ್ಣದ ಮುದುಕರನ್ನು ನೋಡಿದ್ದೆ. ನನಗೆ ಅಂಕಲ್ ಹಿಡಿಸಿದ.

ಅವನು ನನಗೆ ಬೇಕಾದ ಮೀನನ್ನು ತೋರಿಸಿದ. ಅಕ್ಕಪಕ್ಕ ಎರಡು ತೊಟ್ಟಿ. ಒಂದರಲ್ಲಿ ಹೆಗಲ ಮೇಲೆ ಹಸಿರು ಮಿಂಚು, ಇನ್ನೊಂದರಲ್ಲಿ ಕಿತ್ತಳೆ. ಹಸಿರೇ ನಮ್ಮದು! ಎದೆ ಹಗುರವಾಯಿತು. ‘ಆರು ಕೊಡು ಅನ್ರಿ’ ಎಂದೆ.

ಅಂಕಲ್ ಕೊಡಲಿಲ್ಲ. ಮೊದಲು ಪ್ರಶ್ನೆ ಕೇಳಿದ. ಯಾವ ಊರು? ಅಲ್ಲಿ ಬಿಸಿಲು ಎಷ್ಟು? ನೀರು ಎಲ್ಲಿಯದು? ಮನೆಯಲ್ಲಿ ಈಗ ಯಾರಿದ್ದಾರೆ? ಉಳಿದವು ಯಾಕೆ ಸತ್ತವು? ಅಳಿಯ ಒಂದೊಂದೇ ಕೇಳಿ ಹೇಳಿದರು. ಥೇಟ್ ಬೀಗಸ್ತನದ ಮಾತು! ನಮ್ಮ ಕಡೆ ಹೆಣ್ಣು ಕೊಡುವವರು ಕೇಳುವುದನ್ನೆಲ್ಲ ಕೇಳಿದ, ಜಾತಕವೊಂದು ಬಿಟ್ಟು.

‘ಎರಡೂ ತರದ್ದು ಮೂರು ಮೂರು ಒಯ್ದರೆ?’ ಎಂದು ಅಳಿಯ ಕೇಳಿದರು. ಅಂಕಲ್ ಕೈಯನ್ನೇ ಅಡ್ಡ ಹಿಡಿದ. ಇವುಗಳಿಗೆ ತಮ್ಮದೇ ಗುಂಪು ದೊಡ್ಡದಾಗಿರಬೇಕು, ಒಂದು ಬಗೆ ಆರಿಸಿ, ಇಲ್ಲ ಬಿಡಿ ಎಂದ.

ಆಗ ನಾನು ಬಾಟಲಿ ಮುಂದಿಟ್ಟೆ. ‘ಇದು ನಮ್ಮ ಬಾವಿ ನೀರು. ಇದ್ರಾಗ ಬಿಟ್ಟು ನೋಡು ಅನ್ರಿ.’

ಅಳಿಯ ನನ್ನ ಮುಖ ನೋಡಿದರು. ‘ಅತ್ತಿ, ಕುರುಗೋಡಿಂದ ಇದನ್ನ ತಂದೀರೇನು?’

‘ನಿಮ್ಮ ಮಾವನ ತಾಯಿ ನನ್ನನ್ನ ಹಿಂಗ ಆರಿಸಿದ್ರು. ನೀವು ಅಷ್ಟು ಹೇಳ್ರಿ ಸಾಕು.’

ಅಂಕಲ್ ಬಾಟಲಿ ತೆಗೆದು ಮೂಸಿದ. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಹಚ್ಚಿಕೊಂಡವನೇ ಮುಖವನ್ನು ಹಿಂಡಿದ ನಿಂಬೆಹೋಳಿನಂತೆ ಮಾಡಿದ! ನನಗೆ ಒಳಗೊಳಗೇ ಹೆಮ್ಮೆ. ಎರಡು ಗಾಜಿನ ಭರಣಿ ತಂದು ನೀರನ್ನು ಸಮನಾಗಿ ಸುರಿದ. ಒಂದಕ್ಕೆ ಹಸಿರು ಮೀನು, ಇನ್ನೊಂದಕ್ಕೆ ಕಿತ್ತಳೆ ಮೀನು ಬಿಟ್ಟ. ಮೂವರೂ ಮುಂದೆ ಕೂತೆವು.

ಹಸಿರಿಗೆ ಮೊದಲಿಂದಲೇ ಆಗಲಿಲ್ಲ. ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಆಮೇಲೆ ಒಂದು ಮಗ್ಗುಲಿಗೆ ವಾಲತೊಡಗಿತು. ಕಿತ್ತಳೆಯದು ಸ್ವಲ್ಪ ಹೊತ್ತು ಬೆದರಿ ನಿಂತು, ಬಿದ್ದ ಬೆಂಡೋಲೆಯ ತಿರುಪು ಹುಡುಕುವವರಂತೆ ತಳವನ್ನು ಮೀಸೆಯಿಂದ ತಡಕಾಡಿತು. ಅಂಕಲ್ ಬೇಗನೆ ಹಸಿರು ಮೀನನ್ನು ಎತ್ತಿ ತನ್ನ ತೊಟ್ಟಿಗೆ ಬಿಟ್ಟ. ಅದು ಚೇತರಿಸಿಕೊಂಡಿತು. ಹನಿ ಹನಿಯಾಗಿ ನೀರು ಕೂಡಿಸುತ್ತ ಹೋದರೆ ಇದೂ ಒಗ್ಗಬಹುದು, ಹೇಳಲಾಗದು ಎಂದ. ಕಿತ್ತಳೆಯದು ತನ್ನ ಪಾಡಿಗೆ ತಡಕಾಡುತ್ತಲೇ ಇತ್ತು.

ಈಗ ಏನು ಮಾಡಲಿ? ಇವರು ಹೇಳಿದ್ದು ಹಸಿರು. ನಮ್ಮ ನೀರು ಹೇಳಿದ್ದು ಕಿತ್ತಳೆ. ಹಸಿರನ್ನು ಒಯ್ದರೆ ಇವರು ಇವತ್ತು ಖುಷಿಪಡುತ್ತಾರೆ, ಬೇಸಿಗೆಗೆ ಮತ್ತೆ ಒಂದೊಂದೇ ಹೆಣ ತೆಗೆದು ಹಾಕುತ್ತಾರೆ. ಎರಡನೆಯ ಸಲ ಆ ಎದೆ ಅದನ್ನು ತಡೆಯುತ್ತದೆಯೇ? ಕಿತ್ತಳೆಯನ್ನು ಒಯ್ದರೆ ನಮ್ಮ ಮುದಿಮೀನು ಬೇರೆ ಸೀಮೆಯವರೆಂದು ಮೂಲೆ ಬಿಟ್ಟು ಬರದಿದ್ದರೆ? ಕೇಳಲು ಫೋನಿಲ್ಲ, ಕಾಗದ ಹೋಗಿ ಬರುವಷ್ಟು ದಿನವಿಲ್ಲ. ಅಳಿಯನ ಕಡೆ ನೋಡಿದೆ. ‘ನನ್ನ ಕೇಳಬ್ಯಾಡ್ರಿ ಅತ್ತಿ, ಮಾವ ನನ್ನ ಬೈತಾರ’ ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಕಿತ್ತಳೆ ಮೀನು ಭರಣಿಯ ಗಾಜಿನ ಹತ್ತಿರ ಬಂದು ಕಣ್ಣು ಹೊಡೆಯಿತು. ನಮ್ಮ ಸವಳು ನೀರಿನಲ್ಲಿ ನಿಂತು ನಮ್ಮ ಮೀನಿನ ಹಾಗೆಯೇ!

‘ಇದ ಇರಲಿ’ ಎಂದೆ. ‘ಆರು.’

ಅಂಕಲ್ ಆರನ್ನೂ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟು, ಗಾಳಿ ತುಂಬಿ, ಥರ್ಮೋಕೋಲ್ ಡಬ್ಬಿಯಲ್ಲಿ ಇಟ್ಟುಕೊಟ್ಟ. ನಾನು ಬಂದದ್ದು ಮಗಳ ಬಾಣಂತನಕ್ಕೆ ಎಂದು ಅಳಿಯ ಹೇಳಿದ್ದೇ ತಡ, ಒಳಗೆ ಕೂಗಿದ. ಅವನ ಹೆಂಡತಿ ಒಂದು ದೊಡ್ಡ ಹಸಿಶುಂಠಿ ತಂದು ನನ್ನ ಕೈಗಿಟ್ಟಳು. ಅವರಲ್ಲೂ ಬಾಣಂತಿಗೆ ಶುಂಠಿಯಂತೆ, ಒಂದು ತಿಂಗಳು ತಣ್ಣೀರು ಮುಟ್ಟಿಸುವುದಿಲ್ಲವಂತೆ! ಆ ತಾಯಿಯ ಕೈ ಹಿಡಿದುಕೊಂಡು ಬಂದೆ. ಕಣ್ಣಲ್ಲಿ ನೀರು ಬಂತು, ಯಾಕೋ.

ಮದ್ರಾಸು, ಗುಂತಕಲ್ಲು

ಡಬ್ಬಿಯನ್ನು ಮೊಮ್ಮಗಳಂತೆ ತೊಡೆಯ ಮೇಲಿಟ್ಟುಕೊಂಡೇ ಬಂದೆ. ಮದ್ರಾಸಿನಲ್ಲಿ ಸುಂಕದವರು ಮುಚ್ಚಳ ತೆಗೆದು ‘ಇದೇನಮ್ಮ, ಮೀನು ನಮ್ಮ ಸಮುದ್ರದಲ್ಲಿ ಸಿಗುವುದಿಲ್ಲವಾ?’ ಎಂದು ತೆಲುಗಿನಲ್ಲಿ ಕೇಳಿದರು. ತೆಲುಗು ಕೇಳಿದ ಕೂಡಲೆ ನನಗೆ ತವರಿಗೆ ಬಂದಂತಾಯಿತು. ‘ತಿನ್ನುವುದಕ್ಕಲ್ಲಪ್ಪ, ಸಾಕುವುದಕ್ಕೆ. ಯಜಮಾನರಿಗೆ ಎದೆ ಸರಿಯಿಲ್ಲ’ ಎಂದು ಅದೇ ತೆಲುಗಿನಲ್ಲಿ ಪುರಾಣ ತೆಗೆದೆ. ಅವರು ಅರ್ಧ ಕೇಳಿ, ಎದೆನೋವಿಗೆ ಈ ಮೀನಿನ ಔಷಧಿ ಹೇಗೆ ಮಾಡುತ್ತೀರಿ ಎಂದರು. ಏನು ಹೇಳುವುದು? ದಿನಾ ನೋಡಬೇಕು ಎಂದೆ.

ರೈಲಿನಲ್ಲಿ ಎಲ್ಲರಿಗೂ ಡಬ್ಬಿಯದೇ ಕುತೂಹಲ. ಒಬ್ಬರು ತೆಗೆದು ತೋರಿಸಿ ಎಂದರು, ಇನ್ನೊಬ್ಬರು ಮಗುವಿಗೆ ತೋರಿಸಿ ಎಂದರು. ಕಡಪ ದಾಟಿದ ಮೇಲೆ ಬಿಸಿಲು ಏರಿತು. ಸೆರಗು ಒದ್ದೆ ಮಾಡಿ ಡಬ್ಬಿಗೆ ಹೊದಿಸಿದೆ. ಒಣಗಿತು, ಮತ್ತೆ ಒದ್ದೆ ಮಾಡಿದೆ. ಎದುರಿಗೆ ಕೂತ ಅಜ್ಜಿಯೊಬ್ಬಳು ಬೀಸಣಿಗೆಯಿಂದ ತನಗೊಂದು ಸಲ, ಡಬ್ಬಿಗೊಂದು ಸಲ ಗಾಳಿ ಹಾಕಿದಳು. ಗುಂತಕಲ್ಲಿನಲ್ಲಿ ಇಳಿದು ಸಣ್ಣ ಗಾಡಿ ಹತ್ತಿದಾಗ ಮುಚ್ಚಳ ಸರಿಸಿ ನೋಡಿದೆ. ಆರೂ ಇದ್ದವು.

ಬಳ್ಳಾರಿ

ಇವರು ಸ್ಟೇಷನ್ನಿಗೆ ಬಂದಿದ್ದರು. ಬೇಡವೆಂದರೂ ಬಂದಿದ್ದರು. ಸೊರಗಿದ್ದರು. ಮೊಮ್ಮಗಳು ಯಾರಂತಿದ್ದಾಳೆ ಎಂದು ಮೊದಲು ಕೇಳಿದರು. ‘ನಿಮ್ಮಂಗ. ಹಣಿ ಅಗಲ, ಬಾಯಿ ಜೋರು’ ಎಂದೆ. ಅರ್ಧ ನಗೆ ಬಂತು. ಆಮೇಲೆ ಡಬ್ಬಿ ತೆಗೆದರು, ಚೀಲವನ್ನು ಬಿಸಿಲಿಗೆ ಹಿಡಿದರು. ಆ ಅರ್ಧ ನಗೆಯೂ ಹೋಯಿತು.

‘ಇವು ನಮ್ಮವಲ್ಲ ಗಿರಿಜಾ.’

‘ನನಗ ಗೊತ್ತೈತ್ರಿ.’

‘ಹಸರು ಸಿಗಲಿಲ್ಲೇನು?’

‘ಸಿಕ್ಕಿತ್ತು. ಬಿಟ್ಟು ಬಂದೆ.’

ಕುರುಗೋಡಿನ ಬಸ್ಸು ಹತ್ತಿದೆವು. ನಾನು ಸೀರೆ ಹಾರಿದ್ದನ್ನು ಹೇಳಿದೆ, ಎಲೆಯಡಿಕೆಯದನ್ನು ಹೇಳಿದೆ. ಇವರು ಕಿಟಕಿಯ ಹೊರಗೆ ಹತ್ತಿಹೊಲ ನೋಡುತ್ತಿದ್ದರು. ಡಬ್ಬಿ ಮಾತ್ರ ಇವರ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು.

ಮತ್ತೆ ಕುರುಗೋಡು

ಮನೆಗೆ ಬಂದವರೇ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟರು. ಲೋಟದಿಂದ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಚೀಲಕ್ಕೆ ಹಾಕುತ್ತ, ಕೊನೆಗೆ ಆರನ್ನೂ ಬಿಟ್ಟರು. ಅವು ಒಂದು ಮೂಲೆ ಹಿಡಿದವು. ನಮ್ಮ ಹಸಿರು ಮುದುಕ ಕಲ್ಲಿನ ಹಿಂದೆ ಇನ್ನಷ್ಟು ಒಳಗೆ ಸರಿದ. ಸಂಜೆಯವರೆಗೂ ಹಾಗೇ ಇತ್ತು. ಇವರು ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಷ್ಟು ದೂರ ಹೋಗಿ ಕೆಡಿಸಿ ಬಂದೆನಲ್ಲ ಎಂದು ರೊಟ್ಟಿ ಬಡಿಯುತ್ತ ಸಂಕಟಪಟ್ಟೆ.

ಬೆಳಿಗ್ಗೆ ಬಾವಿಯಿಂದ ಕೊಡ ಹೊತ್ತು ಬಂದು ಅಡುಗೆಮನೆಯಲ್ಲಿ ಇಳಿಸುತ್ತಿದ್ದೆ. ‘ಗಿರಿಜಾ! ಏ ಗಿರಿಜಾ! ಬಾ ಇಲ್ಲಿ, ಲಗೂನ ಬಾ!’

ಮುಂಚಿನ ದನಿ! ಗುಡಿ ಕಟ್ಟೆಯ ಮೇಲಿನಿಂದ ಮನೆಗೆ ಕೇಳಿಸುತ್ತಿದ್ದ ಆ ದನಿ. ಏನಾಯಿತೋ ಎಂದು ಒದ್ದೆ ಕೈಯಲ್ಲೇ ಓಡಿದೆ.

ತೊಟ್ಟಿಯ ನಡುವೆ ಆರು ಕಿತ್ತಳೆ, ಅವುಗಳ ಮಧ್ಯೆ ಒಂದು ಹಸಿರು. ಏಳೂ ಮೀಸೆ ಊರಿ ಮರಳು ಕೆದಕುತ್ತಿದ್ದವು. ಒಂದು ಮೇಲೆ ಹೋಗಿ ಗಾಳಿ ಗುಟುಕರಿಸಿ ಬಂತು, ಅದರ ಹಿಂದೆಯೇ ನಮ್ಮ ಮುದುಕನೂ ಸರ್ರನೆ ಹೋಗಿ ಬಂದ. ಇವರು ಮೊಣಕಾಲೂರಿ ಗಾಜಿಗೆ ಮೂಗು ಹಚ್ಚಿ ಕೂತಿದ್ದರು.

‘ನೋಡಿದ್ರ್ಯಾ?’ ನನಗೆ ಜಂಬ ತಡೆಯಲಾಗಲಿಲ್ಲ. ಬಾಟಲಿಯ ಕಥೆ, ಭರಣಿಯ ಕಥೆ, ವಾಲಿದ ಹಸಿರಿನ ಕಥೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ‘ನಿಮ್ಮವ್ವ ನನ್ನನ್ನ ಹ್ಯಾಂಗ ಆರಿಸಿದ್ರೋ ಹಂಗ ಆರಿಸ್ಕೊಂಡು ಬಂದೀನಿ. ಬ್ಯಾರೆ ಸೀಮಿದಾದ್ರೇನು, ನಮ್ಮ ನೀರು ಒಪ್ಪಿದ್ರ ಸಾಕು. ಸಿರುಗುಪ್ಪದಾಕಿ ಮೂವತ್ತು ವರ್ಷ ಬಾಳಿಲ್ಲೇನು?’

ಇವರ ಹೆಗಲು ಅಲುಗತೊಡಗಿತು. ನಾನು ಗಾಬರಿಯಾದೆ, ಎದೆಯೇ ಹಿಡಿಯಿತೋ ಎಂದು. ನೋಡಿದರೆ ನಗು.

‘ಯಾಕ ನಗತೀರಿ?’

‘ಗಿರಿಜಾ, ಆ ತಂಬಿಗಿ... ಅದ್ರಾಗ ನಮ್ಮ ಬಾವಿ ನೀರು ಇರಲಿಲ್ಲಲೇ.’

‘ಅಂದ್ರ?’

‘ನಿನ್ನ ನೋಡಾಕ ಬರೋವಾಗ ತೆಕ್ಕಲಕೋಟ್ಯಾಗ ಬಸ್ ಬದಲಾಯಿಸಿದ್ವಿ. ಅವ್ವ ಬುತ್ತಿಗಂಟು ಇಳಿಸಾಕ ಹೋಗಿದ್ಲು, ತಂಬಿಗಿ ನನ್ನ ಕೈಯಾಗಿತ್ತು. ಅಲ್ಲಿ ಹೋಟೆಲಿನ ಗಡಿಗ್ಯಾಗ ಸಿಹಿನೀರು ಇತ್ತು. ತುಂಬಿದೆ, ಹಂಗ ಬಟ್ಟಿ ಕಟ್ಟಿದೆ.’

‘ತಂಬಿಗಿ ಚೆಲ್ಲಿತೇನು?’

‘ಚೆಲ್ಲಲಿಲ್ಲ. ನಾನ ಚೆಲ್ಲಿದೆ.’ ನಗು ನಿಂತಿತು. ‘ಅದಕ್ಕೂ ಮೊದಲ ಹಚ್ಚೊಳ್ಳಿ ಊರಾಗ ಒಂದು ಮದುವ್ಯಾಗ ನಿನ್ನ ನೋಡಿದ್ದೆ. ಪಂಕ್ತಿಗೆ ಅನ್ನ ಬಡಿಸಾಕ ಹತ್ತಿದ್ದಿ. ಆಮ್ಯಾಲೆ ನೋಡಾಕ ಬಂದಾಗ ನೀ ಎಲ್ಲಿ ಮುಖ ಕಿವುಚತೀಯೋ, ಅವ್ವ ಎಲ್ಲಿ ಬ್ಯಾಡ ಅಂತಾಳೋ ಅಂತ ಅಂಜಿಕಿ ಆತು.’

ನಾನು ಗೆದ್ದ ಪರೀಕ್ಷೆಯೇ ನಡೆದಿರಲಿಲ್ಲ. ಆ ಲೆಕ್ಕದಲ್ಲಿ ಸಿಂಗಪುರದ ಹಸಿರು ಮೀನುಗಳೂ ಹೇಗೋ ಬದುಕುತ್ತಿದ್ದವೇನೋ, ಪಾಪ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮದುವೆಗೆ ಮುಂಚೆಯೇ ನನಗಾಗಿ ಒಬ್ಬರು ಹೆತ್ತವ್ವನ ಕಣ್ಣು ತಪ್ಪಿಸಿ ತಂಬಿಗೆ ಬರಿದು ಮಾಡಿದ್ದರು. ಇಷ್ಟು ವರ್ಷ ನನ್ನ ಜಂಬಕ್ಕೆ ಪೆಟ್ಟಾಗದಿರಲಿ ಎಂದು ಬಾಯಿ ಮುಚ್ಚಿಕೊಂಡಿದ್ದರು. ಇದಕ್ಕಿಂತ ದೊಡ್ಡದನ್ನು ನಾನು ಯಾವ ದೇಶದಿಂದ ತರಲಿ?

ಅಡುಗೆಮನೆಗೆ ಹೋದೆ. ಈಗತಾನೆ ತಂದ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಇವರ ಮುಂದೆಯೇ ಬಂದು ನಿಂತು, ತುಂಬ ಒಂದು ಗುಟುಕು ಕುಡಿದೆ. ಮೂವತ್ತು ವರ್ಷದ್ದನ್ನೆಲ್ಲ ಕೂಡಿಸಿ ಮುಖ ಕಿವುಚಿದೆ.

‘ಥೂ! ಎಂಥಾ ಸವಳು ನೀರ್ರೀ ಇದು!’

ಇವರು ಎದೆ ಹಿಡಿದುಕೊಂಡು ನಕ್ಕರು. ಆ ನಗು ಗುಡಿ ಕಟ್ಟೆಯವರೆಗೆ ಕೇಳಿರಬೇಕು.